ಕತ್ತರಿಸಿದ ಹೆಸರು

“ಆಂಜಿನಮ್ಮ, ನಂಗೆ ಕೆಲ್ಸ ಸಿಕ್ಬುಡ್ತು ಕಣೆ! ಚಿತ್ರ ಬಿಡ್ಸೋ ಪ್ರೋಗ್ರಾಂ ನೋಡಿ ಕಂಪ್ನಿ ಸಾಹೇಬ್ರು ಬೆರಗಾಗ್ಬುಟ್ರು!” ಮಧುಗಿರಿಯ ಕಂಪ್ಯೂಟರ್ ಕ್ಲಾಸಿನ ಬಾಗಿಲಲ್ಲೇ ಬೊಮ್ಮಣ್ಣ ಕೂಗಿದ.

“ಅದು ನಾನು ಬರ್ದಿದ್ದಲ್ವೇನ್ಲಾ?”

“ನಿನ್ ಹೆಸ್ರು ಎಲ್ಲೈತೆ? ತೋರ್ಸು.”

ಊರಿಗೆಲ್ಲ ಇದ್ದ ಆ ಒಂದೇ ಕಂಪ್ಯೂಟರನ್ನು, ಪ್ರೋಗ್ರಾಂ ತೋರಿಸಲು ಸಾಹೇಬರ ಬಳಿ ಹೋಗುವಾಗ, ಅವನು ಆರಿಸದೆ ಹೋಗಿದ್ದ. ಆಂಜಿನಮ್ಮ ಖಾಲಿ ಪುಟ ತೆರೆದು ‘ಪೇಸ್ಟ್’ ಒತ್ತಿದಳು. ಪ್ರೋಗ್ರಾಂನಿಂದ ಅವನು ಕೊನೆಗೆ ಕತ್ತರಿಸಿದ ಸಾಲು ಕಂಪ್ಯೂಟರಿನ ಕ್ಲಿಪ್‌ಬೋರ್ಡಿನಲ್ಲಿ ಹಾಗೇ ಉಳಿದಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಪರದೆಯ ಮೇಲೆ ಬಂತು: ಬರೆದವರು ಆಂಜಿನಮ್ಮ, ಪುರವರ.

ಬೊಮ್ಮಣ್ಣ ಒಳಬಂದು ಕೈಚಾಚಿ ಸ್ವಿಚ್ ಆರಿಸಿದ. ಪರದೆ ಕಪ್ಪಾಯಿತು, ಅವಳ ಹೆಸರೂ ಹೋಯಿತು.

“ಈಗ ತೋರ್ಸು. ನಾಳೆ ಹತ್ಗಂಟೆಗೆ ಸಾಹೇಬ್ರು ಇಲ್ಲಿಗೇ ಬರ್ತಾರೆ.”

“ಬರ್ಲಿ ಬುಡು, ನಾನೂ ಬರ್ತೀನಿ. ಅವ್ರ ಮುಂದೇನೇ ಆ ಪ್ರೋಗ್ರಾಂನ ಮೊದಲಿಂದ ಬರಿಯೋಣ. ಮೊದಲ್ನೇ ಸಾಲು ನೀನೇ ಬರಿ.”