ಯಾರ ಮೊಮ್ಮಗ

ತೀರಿಹೋದ ತನ್ನ ಅಜ್ಜಿ ಆಡುತ್ತಿದ್ದ ಭಾಷೆಗೆ ನಾಲಿಗೆ ಹೊರಳೀತೇ, ಇಲ್ಲಾ ದುಭಾಷಿಗಾಗಿ ಕಾಯುವುದೇ ವಾಸಿಯೋ? ಅಳುಕುತ್ತಲೇ ವಕೀಲ ಎದ್ದು ನಿಂತ. ಗ್ರಾಹಕ ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ, ಸಿಡಿದ ಕುಕ್ಕರಿನಿಂದ ಕೈ ಸುಟ್ಟುಕೊಂಡ ಅವನ ಕಕ್ಷಿದಾರಳು, ಒಬ್ಬ ಮುದುಕಿ, ಕುಳಿತಿದ್ದಳು. ಅವಳದೂ ಅದೇ ಭಾಷೆ; ಕುಕ್ಕರಿನ ಎಚ್ಚರಿಕೆ ಚೀಟಿ ಅದರಲ್ಲಿ ಇರಲೇ ಇಲ್ಲ.

"ಆ ಬುಡಕಟ್ಟು ಭಾಷೆ ಈಗ ಯಾರ ಬಾಯಲ್ಲೂ ಇಲ್ಲ ಸ್ವಾಮಿ. ಯಾರಿಗೋಸ್ಕರ ಅಚ್ಚು ಹಾಕ್ಸೋದು?" ಎಂದರು ಕಂಪನಿಯ ವಕೀಲರು.

"ಕೈ ಹೇಗೆ ಸುಟ್ಟಿತು?" ಎಂದು ಅವನು ಮುದುಕಿಯ ಭಾಷೆಯಲ್ಲೇ ಕೇಳಿದ. ಅವಳು ತುಟಿ ಬಿಚ್ಚಲಿಲ್ಲ. "ನೋಡಿ, ಆಯಮ್ಮನಿಗೇ ಅರ್ಥ ಆಗ್ಲಿಲ್ಲ!" ಕಂಪನಿಯ ವಕೀಲರು ಕಿಸಕ್ಕನೆ ನಕ್ಕರು. ಆಗ ಅವನಿಗೆ ನೆನಪಾಯಿತು: ತಮ್ಮವರಲ್ಲಿ ಕಿರಿಯರು ಯಾರ ಮೊಮ್ಮಕ್ಕಳೆಂದು ಹೇಳಿಕೊಳ್ಳದೆ ಹಿರಿಯರನ್ನು ಏನೂ ಕೇಳುವಂತಿಲ್ಲ. ಅವನು ಕಡತ ಕೆಳಗಿಟ್ಟ. ತನ್ನ ಅಜ್ಜಿಯ ಹೆಸರು ಹೇಳಿ, "ನಾನು ಅವಳ ಮೊಮ್ಮಗ" ಎಂದ, ಅದೇ ಭಾಷೆಯಲ್ಲಿ, ಗಟ್ಟಿಯಾಗಿ.

"ಮೊದ್ಲೇ ಹೇಳ್ಬಾರ್ದಾ ಮಗಾ!" ಮುದುಕಿ ಪಟ್ಟಿ ಕಟ್ಟಿದ ಕೈ ಆಡಿಸುತ್ತಾ ಮಾತಿಗಿಳಿದಳು. ಹಿಂದಿನ ಬೆಂಚುಗಳಿಂದ ಅವಳ ಬಳಗವೂ ಅದೇ ಭಾಷೆಯಲ್ಲಿ ದನಿಗೂಡಿಸಿತು. ನ್ಯಾಯಾಧೀಶರು ಕಂಪನಿಯ ವಕೀಲರತ್ತ ತಿರುಗಿದರು: "ಯಾರ ಬಾಯಲ್ಲೂ ಇಲ್ಲ ಅಂದ್ರಲ್ಲ, ಇದನ್ನೇನು ಅಂತ ಬರ್ಕೊಳ್ಲಿ?"

'ನಾನು ನಿನ್ನ ಮೊಮ್ಮಗ' ಎಂದು ಆ ಭಾಷೆಯಲ್ಲಿ ಅಜ್ಜಿಗೆ ಅವನು ಒಮ್ಮೆಯೂ ಹೇಳಿರಲಿಲ್ಲ.