ಕಲಿತ ಕಾವಲುಗಾರ

ಪರದೆಯ ಮೇಲೆ ಮೂರನೇ ಸಲ ಬಂದ ಕಾವಲುಗಾರ ನೆಟ್ಟಗೆ ಬೀರುವಿನ ಬಾಗಿಲು ತೆರೆದು, ಅಡಗಿದ್ದ ನಾಯಕಿಯನ್ನು ಹೊರಗೆಳೆದ. ಹೊಸ ಗೇಮ್‌ಗಳನ್ನು ಆಡಿ ತಪ್ಪು ಹುಡುಕುವುದು ಪರದೆಯ ಮುಂದೆ ಕೂತಿದ್ದವಳ ಕೆಲಸ. ದೋಷವೆಂದು ಬರೆದುಕೊಂಡಳು.

ಪಕ್ಕದ ಕುರ್ಚಿಯವನು ನಕ್ಕ. "ಅಕ್ಕಾ, ಅದು ತಪ್ಪಲ್ಲ, ಈ ಗೇಮಿನ ಎರಡನೇ ಭಾಗದ ಹೆಚ್ಚುಗಾರಿಕೇನೇ ಅದು! ಹಳೇ ಕಾವಲುಗಾರ ಶುದ್ಧ ಬೆಪ್ಪುತಕ್ಕಡಿ, ಇಣುಕಿ ನೋಡಿ ಹೋಗ್ತಿದ್ದ. ಇವನು ಹಾಗಲ್ಲ, ಬರಿಗೈಲಿ ಹೋದಷ್ಟೂ ಕಲೀತಾನೆ."

ಅವಳು ಗೇಮ್ ನಿಲ್ಲಿಸಿದಳು. ಗಂಡನ ಹೊಡೆತ ತಾಳದೆ ತನ್ನ ಮನೆಗೆ ಓಡಿಬಂದಿದ್ದ ತಂಗಿಯನ್ನು ಹುಡುಕಿಕೊಂಡು ಆ ಗಂಡ ಎರಡು ಸಲ ಬಂದು ಹೋಗಿದ್ದ. ಎರಡು ಸಲವೂ ತಂಗಿ ಬೀರುವಿನೊಳಗೆ ಉಸಿರು ಬಿಗಿಹಿಡಿದು ಕೂತಿದ್ದಳು.

"ತಲೆ ಸಿಡೀತಿದೆ, ಹೊರಡ್ತೀನಪ್ಪಾ," ಎಂದು ಎದ್ದಳು. ಸಂಜೆಯೊಳಗೆ ತಂಗಿಯನ್ನು ಊರು ದಾಟಿಸಬೇಕು. ಎಲ್ಲಿಗೆ ಎಂಬುದು ಅವಳಿಗೇ ಇನ್ನೂ ಗೊತ್ತಿರಲಿಲ್ಲ.