ನೀವು ಹೋಗಿ ನೀನು

“ನೀನು” ಅಂದಳು ಟೀಚರ್.

ವಾರ್ಡಿನ ಪರದೆಯ ಈಚೆ ಫ್ಲಾಸ್ಕ್ ಹಿಡಿದು ನಿಂತಿದ್ದ ಲಾಂಡ್ರಿಯವಳ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ಹೋದ ವಾರದವರೆಗೂ ಟೀಚರ್ ಇವಳ ಗಂಡನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. ‘ಕೂತ್ಕೊಳ್ಳಿ’, ‘ನೀವು ಬಂದ್ರೆ ಜೀವಕ್ಕೆ ಹಿತ’. ‘ನಿಮ್ಮನ್ನ ಕ್ಷಮಿಸಿದ್ದೀನಿ’ ಅಂದದ್ದೂ ಹಾಗೆಯೇ. ಅದನ್ನು ಕೇಳಿದ ದಿನ ಲಾಂಡ್ರಿಯವಳು ಹೊಟ್ಟೆತುಂಬ ಉಂಡಿದ್ದಳು. ‘ನಿಮ್ಮನ್ನ’ ಎಂಬ ಮಾತಿನಲ್ಲಿ ಎಷ್ಟು ಜಾಗ! ಈಗ ನೋಡಿದರೆ, ಮಂಚದ ಪಕ್ಕ ಕೂತ ಅವನಿಗೆ ‘ನೀನು’. ಬೆಣ್ಣೆಯಂಥ ‘ನೀನು’.

ಎರಡು ವರ್ಷದ ಹಿಂದೆ, ಮಂಜು ಮುಸುಕಿದ ಬೆಳಗಿನಲ್ಲಿ, ಲಾಂಡ್ರಿಯ ವ್ಯಾನು ಟೀಚರ್ ಗಂಡನಿಗೆ ಗುದ್ದಿತ್ತು. ಆತ ಉಳಿಯಲಿಲ್ಲ. ಇವಳ ಗಂಡ ತಪ್ಪೊಪ್ಪಿಕೊಂಡ, ಜೈಲು ನೋಡಿ ಬಂದ. ಬಂದವನು ನೇರ ಟೀಚರ್ ಮನೆ ಬಾಗಿಲಿಗೆ ಹೋಗಿ ನಿಂತ. ಮೊದಲು ಬೈಗುಳ, ಆಮೇಲೆ ನೀರು, ಆಮೇಲೆ ಕಾಫಿ. ಟೀಚರ್ ಹಾಸಿಗೆ ಹಿಡಿದ ಮೇಲಂತೂ ದಿನವೂ ಆಸ್ಪತ್ರೆ. ಬಸ್ಸಿನ ಕಿಟಕಿ ಪಕ್ಕ ಕೂತು ಸಿಳ್ಳೆ ಹಾಕುತ್ತ ಬರುತ್ತಿದ್ದ. ಲಾಂಡ್ರಿಯವಳು ಆ ಮಂಜಿನ ಬೆಳಗಿನಿಂದ ಗಾಡಿ ಹತ್ತಿದವಳಲ್ಲ, ನಡೆದೇ ಬರುತ್ತಿದ್ದಳು.

“ನಿಮ್ಮಂಥ ನಿದ್ದೆ ಎಲ್ಲರಿಗೂ ಬರಬೇಕಲ್ಲ,” ಎಂದು ಒಂದು ರಾತ್ರಿ ಗಂಡನನ್ನು ಕುಟುಕಿದ್ದಳು.

“ನಿಂಗೂ ಬರುತ್ತೆ ಬಿಡೇ,” ಎಂದು ಅವನು ಮಗ್ಗುಲಾಗಿದ್ದ.

ಪರದೆಯಾಚೆ ಟೀಚರ್ ಏದುಸಿರು ಬಿಡುತ್ತಿದ್ದಳು. “ಸ್ವರ್ಗದಲ್ಲಿ ಕೆಟ್ಟದ್ದು ಯಾವುದೂ ನೆನಪಿರಲ್ವಂತೆ, ಪಾದ್ರಿ ಹೇಳಿದ್ರು. ನಮ್ಮನೆಯವರು ಸಿಗ್ತಾರೆ, ಆ ವ್ಯಾನು ನೆನಪಿರಲ್ಲ. ಅದಕ್ಕೇ ಈಗ್ಲೇ ಇನ್ನೊಂದ್ಸಲ ಹೇಳಿಬಿಡ್ತೀನಿ. ನಿನ್ನನ್ನ ಕ್ಷಮಿಸಿದ್ದೀನಪ್ಪ. ನಿನ್ನೊಬ್ಬನನ್ನ ಕ್ಷಮಿಸಿದ್ರೆ ನನ್ನ ಲೆಕ್ಕ ಮುಗೀತು.”

ನಿನ್ನೊಬ್ಬನನ್ನ. ಲಾಂಡ್ರಿಯವಳು ವಾರ್ಡಿನಿಂದ ಹೊರಗೆ ಧಾವಿಸಿದಳು. ಕಾರಿಡಾರಿನಲ್ಲಿ ಬರುತ್ತಿದ್ದ ಪಾದ್ರಿಗೆ ಅಡ್ಡ ನಿಂತಳು.

“ಕೆಟ್ಟದ್ದೆಲ್ಲ ಅಲ್ಲಿ ಮರೆತುಹೋಗುತ್ತಾ, ಫಾದರ್?”

“ಹೌದಮ್ಮ. ನೆನಪಿದ್ದರೆ ಅದು ಸ್ವರ್ಗ ಹೇಗಾಗುತ್ತೆ?”

“ಹಾಗಾದ್ರೆ ಕ್ರಿಸ್ತನ ಅಂಗೈಯಲ್ಲಿ ಮೊಳೆಯ ಗಾಯ ಯಾಕೆ ಉಳೀತು?”

ಪಾದ್ರಿ ತಡವರಿಸಿದರು. “ಅದು… ನೋವಿಲ್ಲದ ಗಾಯ.”

“ನೋವೇ ಇಲ್ಲದ್ದನ್ನ ಕ್ಷಮಿಸೋದು ಹೇಗೆ?”

“ಅಲ್ಲಿ ಕ್ಷಮಿಸೋಕೆ ಏನೂ ಉಳಿದಿರಲ್ಲ ತಾಯಿ. ಅದೆಲ್ಲ ಇಲ್ಲೇ ಮುಗಿಸಬೇಕು.”

ಅವಳು ವಾರ್ಡಿಗೆ ಓಡಿದಳು. ಪರದೆ ಸರಿಸಿ ಒಳಗೆ ನುಗ್ಗಿ, ಗಂಡನ ಕೈಗೆ ಫ್ಲಾಸ್ಕ್ ತುರುಕಿದಳು. “ಬಿಸಿನೀರು ತನ್ನಿ.”

ಅವನು ಏಳಲಿಲ್ಲ, ಅವಳ ಕಣ್ಣನ್ನೇ ನೋಡಿದ. “ಬೇಡ ಕಣೇ. ಅವರ ಸ್ಥಿತಿ ನೋಡು. ಮುಗಿದದ್ದು ಮುಗೀತು.”

“ನಿಮಗೆ ಮುಗೀತು.”

ಅವನು ತಲೆ ತಗ್ಗಿಸಿ ಹೊರಟ. ಟೀಚರ್ ದಿಂಬಿಗೆ ಒರಗಿ ನಕ್ಕಳು. ಮೂಳೆಯಷ್ಟೇ ಉಳಿದ ಮುಖದಲ್ಲೂ ಆ ನಗೆಗೊಂದು ಚೆಲುವಿತ್ತು.

“ನಿನ್ನ ಗಂಡನನ್ನ ನಾನೇನು ಗಂಟುಕಟ್ಟಿಕೊಂಡು ಹೋಗಲ್ಲ ಕಣಮ್ಮ. ಹೊಟ್ಟೆಯುರಿ ಮುಖದಲ್ಲೇ ಕಾಣ್ತಿದೆ.”

“ಉರಿ ನಿಜ. ನನಗೆ ಸೇರಬೇಕಾದ್ದನ್ನ ಇನ್ನೊಬ್ಬರಿಗೆ ಕೊಟ್ಟುಬಿಟ್ರಿ.”

“ನಾನು ಯಾರದ್ದನ್ನ ಯಾರಿಗೆ ಕೊಟ್ಟೆ?”

ಲಾಂಡ್ರಿಯವಳು ಮಂಚದ ಪಕ್ಕ ಮೊಣಕಾಲೂರಿದಳು.

“ಆ ಬೆಳಿಗ್ಗೆ ವ್ಯಾನು ಓಡಿಸ್ತಿದ್ದದ್ದು ನಾನು, ಟೀಚರ್.”